ತವರಿಗೆ ಬಳಿದ ಹಸಿರು

ಬಹಳ ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ, ಏಳು ಕಡಲುಗಳ ನಡುವೆ ಚಿತ್ರಾವಳಿ ಎಂಬ ರಾಜ್ಯವಿತ್ತು. ಅದನ್ನು ಚಂದ್ರಚೂಡ ಎಂಬ ಅರಸ ಆಳುತ್ತಿದ್ದ. ಅರಸರನ್ನು ಹೊಗಳುವುದು ನನ್ನ ಜಾಯಮಾನವಲ್ಲ. ಆದರೆ ಈತ ಬೇರೆಯವರ ನಾಡು ಗೆಲ್ಲಲು ದಂಡು ಕಟ್ಟಿಕೊಂಡು ಹೊರಟವನಲ್ಲ. ಲೋಕದಲ್ಲಿ ಎಲ್ಲಿ ನೋವಿದೆ ಎಂದು ತಿಳಿದುಕೊಂಡು ಅಲ್ಲಿಗೆ ಆಳು, ಬೀಜ, ದೋಣಿ ಕಳಿಸುವುದೇ ಅವನ ರಾಜ್ಯಭಾರವಾಗಿತ್ತು.

ಅಷ್ಟು ದೂರದ ನೋವು ಅರಮನೆಗೆ ತಿಳಿಯುವುದು ಹೇಗೆ? ಅದಕ್ಕೆ ಲೋಕಪಟವಿತ್ತು. ದೊಡ್ಡ ಹಜಾರದ ನೆಲದ ತುಂಬ ಹಾಸಿದ ಒಂದೇ ಬಟ್ಟೆ, ಅದರ ಮೇಲೆ ಇಡೀ ಲೋಕದ ನಕ್ಷೆ. ಯಾವ ಊರನ್ನು ಬರೆಯಬೇಕೋ ಆ ಊರಿನ ಮಣ್ಣನ್ನೇ ತಂದು, ಅರೆದು, ಅಂಟಿನಲ್ಲಿ ಕಲಸಿ ಬಣ್ಣ ಮಾಡುತ್ತಿದ್ದರು. ಹಾಗೆ ಮಾಡಿದ ಬಣ್ಣಕ್ಕೆ ಜೀವವಿರುತ್ತಿತ್ತು. ಕಾಡಿಗೆ ಬೆಂಕಿ ಬಿದ್ದರೆ ಪಟದ ಮೇಲಿನ ಕಾಡು ಬಿಸಿಯಾಗುತ್ತಿತ್ತು. ಕಡಲು ಉಕ್ಕಿ ಊರು ನುಂಗುತ್ತಿದ್ದರೆ ಪಟದಲ್ಲಿ ಆ ದಡ ಒದ್ದೆಯಾಗುತ್ತಿತ್ತು. ನೀರಿಗೆ ವಿಷ ಸೇರಿದರೆ ಅಲ್ಲಿ ಕರಿ ಚುಕ್ಕೆ ಮೂಡುತ್ತಿತ್ತು.

ಪಟ ಕಾಯಲು ನಲವತ್ತು ಹೆಂಗಸರಿದ್ದರು. ಅವರನ್ನು ಪಟಗಿತ್ತಿಯರು ಎನ್ನುತ್ತಿದ್ದರು. ದಿನವೂ ಬೆಳಿಗ್ಗೆ ಅವರು ಬರಿಗಾಲಲ್ಲಿ ಪಟದ ಮೇಲೆ ನಡೆಯುತ್ತಿದ್ದರು. ಕಣ್ಣಿಗೆ ಕಾಣುವ ಮೊದಲೇ ಅವರ ಅಂಗಾಲಿಗೆ ತಿಳಿದುಬಿಡುತ್ತಿತ್ತು. ಮಧ್ಯಾಹ್ನ ಅರಸ ಬಂದು, ಹೊಸ್ತಿಲಲ್ಲಿ ಮೆಟ್ಟು ಕಳಚಿಟ್ಟು, ದಿನವೂ ಅದೇ ಮಾತು ಕೇಳುತ್ತಿದ್ದ.

“ಇವತ್ತು ಎಲ್ಲಿ ನೋಯ್ತಿದೆ, ತಾಯಂದಿರಾ?”

ಅವರು ಹೇಳುತ್ತಿದ್ದರು, ಅವನು ಆಳು ಕಳಿಸುತ್ತಿದ್ದ. ಕೆಲವು ಊರುಗಳನ್ನು ಮಾತ್ರ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಆಗ ಅಲ್ಲಿಯ ಜನರನ್ನು ಬೇರೆ ಕಡೆ ಸಾಗಿಸಿ, ಪಟದ ಮೇಲಿನ ಆ ಊರನ್ನು ಕಪ್ಪೆಚಿಪ್ಪಿನಿಂದ ಕೆರೆದು ತೆಗೆಯುತ್ತಿದ್ದರು. ಆ ಕೆರೆಯುವ ಸದ್ದು ಕೇಳಿದ ದಿನ ನಲವತ್ತು ಜನರಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಪಟಗಿತ್ತಿಯರಿಗೆ ಎರಡು ಕಟ್ಟಳೆಗಳಿದ್ದವು. ಸೇವೆಗೆ ಸೇರಿದವಳು ಹದಿನಾಲ್ಕು ವರ್ಷ ತವರಿಗೆ ಹೋಗುವಂತಿಲ್ಲ. ತನ್ನ ತವರಿನ ಬಣ್ಣವನ್ನು ತಾನು ಮುಟ್ಟುವಂತಿಲ್ಲ. ಮಮತೆ ಇದ್ದ ಕಣ್ಣಿಗೆ ಕೊಳೆ ಕಾಣುವುದಿಲ್ಲ ಎಂದು ಹಿಂದೆ ಯಾರೋ ಜಾಣರು ಲೆಕ್ಕ ಹಾಕಿ ಈ ಕಟ್ಟಳೆ ಮಾಡಿದ್ದರಂತೆ.

ಆ ನಲವತ್ತು ಜನರಲ್ಲಿ ಇರುವಂತಿ ಎಂಬವಳು ಎಲ್ಲರಿಗಿಂತ ಚಿಕ್ಕವಳು. ಅವಳ ತವರು ಆಪಿನಕೆರೆ. ಮೂರು ಕಡಲಾಚೆ, ದಡದ ತುಂಬ ಜೊಂಡು ಬೆಳೆದ ದೊಡ್ಡ ಕೆರೆ. ಅಲ್ಲಿಯ ಜನ ಜೊಂಡು ಕೊಯ್ದು ಚಾಪೆ ಹೆಣೆದು ಬದುಕುವವರು. ಅವಳು ಅಲ್ಲಿಂದ ಬಂದು ಒಂಬತ್ತು ವರ್ಷವಾಗಿತ್ತು. ಪಟದ ಮೇಲೆ ಅವಳ ತವರು ವೀಳ್ಯದೆಲೆಯಷ್ಟು ಅಗಲವಿತ್ತು. ದಿನವೂ ಅವಳು ತನ್ನ ಪಾಲಿನ ನಡಿಗೆ ಮುಗಿಸಿ, ಆ ಎಲೆಯಷ್ಟು ಹಸಿರಿನ ಪಕ್ಕ ಬಂದು ನಿಲ್ಲುತ್ತಿದ್ದಳು. ಮುಟ್ಟುತ್ತಿರಲಿಲ್ಲ, ಬರೀ ನಿಲ್ಲುತ್ತಿದ್ದಳು. ಕೆಸರಿನಲ್ಲಿ ಪಾದ ಹುದುಗಿಸಿ ನಿಲ್ಲಬೇಕು, ಬೆರಳ ಸಂದಿಯಲ್ಲಿ ತಣ್ಣಗೆ ನೀರು ಏರಿಬರಬೇಕು, ಅಷ್ಟೇ ಅವಳ ಆಸೆ. ಅರಮನೆಯಲ್ಲಿ ಎಲ್ಲವೂ ಇತ್ತು, ಅದೊಂದಿರಲಿಲ್ಲ.

ಒಂದು ದಿನ ಹಾಗೆ ನಿಂತಾಗ ಅವಳಿಗೆ ಆ ಹಸಿರಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಕಂಡಿತು.

ಆ ಮೂಲೆಯನ್ನು ಕಾಯಬೇಕಾದವಳು ಭರಮಕ್ಕ ಎಂಬ ಮುದುಕಿ. ಅವಳು ಜ್ವರ ಬಂದು ಎರಡು ದಿನದಿಂದ ಮಲಗಿದ್ದಳು. ಇರುವಂತಿ ಹೋಗಿ ಹೇಳಬೇಕಾಗಿತ್ತು. ಆದರೆ ಅವಳ ಕಿವಿಯಲ್ಲಿ ಆ ಕಪ್ಪೆಚಿಪ್ಪಿನ ಸದ್ದು ತುಂಬಿಕೊಂಡಿತು. ಹೇಳಿದರೆ ಆಳುಗಳು ಹೋಗುತ್ತಾರೆ, ಉಳಿಸಲಾಗದು ಎನ್ನುತ್ತಾರೆ, ಅವ್ವನನ್ನು ಎಬ್ಬಿಸಿ ಬೇರೆ ಕಡೆ ಕಳಿಸುತ್ತಾರೆ, ಆಮೇಲೆ ಕೆರೆಯುತ್ತಾರೆ. ಅವಳು ಅತ್ತ ಇತ್ತ ನೋಡಿದಳು. ಪಕ್ಕದ ಊರಿನ ಬಣ್ಣದ ಬಟ್ಟಲಿಗೆ ಬೆರಳು ಅದ್ದಿ, ಆ ಕಪ್ಪಿನ ಮೇಲೆ ಒಂದು ಸಲ ಸವರಿದಳು. ಕಪ್ಪು ಮುಚ್ಚಿಹೋಯಿತು. ಅವಳಿಗೆ ಸಮಾಧಾನವಾಯಿತು, ಆದರೂ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಹೋದಳು.

ಅದೇ ದಿನ ಅರಮನೆಗೆ ಮೆರುಗಪ್ಪ ಬಂದ. ನೋಡಲು ಮೂವತ್ತರ ಹರೆಯ, ನಿಜದಲ್ಲಿ ಮುನ್ನೂರು ದಾಟಿದ ಮಾಯಗಾರ. ಯಾರೂ ಕಾಯದ ನದಿಯ ಹರಿವು, ಯಾರೂ ಕೇಳದ ಕಾಡಿನ ನೆರಳು, ಇಂಥವನ್ನು ಹೀರಿ ಸೀಸೆಗಳಲ್ಲಿ ತುಂಬಿಕೊಂಡು, ಅದನ್ನೇ ಕುಡಿದು ಹರೆಯ ಉಳಿಸಿಕೊಂಡವನು. ಲೋಕಪಟ ಇರುವವರೆಗೂ ಅವನ ಆಟ ನಡೆಯುತ್ತಿರಲಿಲ್ಲ. ಅವನ ಬಳಿ ಒಂದು ಅರಗಿತ್ತು. ಅದು ಸುಳ್ಳು ಹೇಳದ ಪಟಕ್ಕೆ ಹತ್ತುತ್ತಿರಲಿಲ್ಲ. ಪಟಗಿತ್ತಿಯೊಬ್ಬಳ ಕೈಯಿಂದ ಒಂದೇ ಒಂದು ಸುಳ್ಳು ಬೀಳಲಿ ಎಂದು ಅವನು ನೂರು ವರ್ಷ ಕಾದಿದ್ದ. ಇರುವಂತಿಯ ಬೆರಳು ಅವನಿಗೆ ಬಾಗಿಲು ತೆರೆಯಿತು.

“ಮಹಾಪ್ರಭುಗಳೇ,” ಎಂದ ಮೆರುಗಪ್ಪ, “ಪಟ ಹಳೇದಾಗಿದೆ. ಕಲೆ, ಕೊಳೆ, ಬಿರುಕು. ನಾನೊಂದು ಮೆರುಗು ಹಚ್ಚಿಕೊಡ್ತೀನಿ. ಸಾವಿರ ವರ್ಷ ಹೊಸದರ ಹಾಗೇ ಇರುತ್ತೆ.”

ಅರಸನಿಗೆ ವಯಸ್ಸಾಗಿತ್ತು. ಮೂವತ್ತು ವರ್ಷದಿಂದ ದಿನವೂ ನೋವಿನ ಸುದ್ದಿ ಕೇಳಿ ಕೇಳಿ ಜೀವ ಬೇಸತ್ತಿತ್ತು. ಆಗಲಿ ಎಂದುಬಿಟ್ಟ. ಮೆರುಗಪ್ಪ ಒಂದೇ ಹಗಲಿನಲ್ಲಿ ಪಟದ ಮೇಲೆಲ್ಲ ಅರಗು ಹರಿಸಿದ. ಲೋಕವೆಲ್ಲ ಹಸಿರಾಯಿತು, ನೀಲಿಯಾಯಿತು, ಫಳಫಳ ಹೊಳೆಯಿತು. ಪಟಗಿತ್ತಿಯರು ನಡೆದರೆ ಅಂಗಾಲಿಗೆ ನುಣುಪಲ್ಲದೆ ಬೇರೇನೂ ತಿಳಿಯಲಿಲ್ಲ. ಅರಸ ಬಗ್ಗಿ ನೋಡಿದರೆ ಅದರಲ್ಲಿ ಅವನ ಮುಖವೇ ಕಂಡಿತು, ಅದೂ ಹತ್ತು ವರ್ಷ ಚಿಕ್ಕದಾಗಿ. ಇನ್ನು ಕೇಳಬೇಕೆ? ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟ. ಬಂದು, ಮುಖ ನೋಡಿಕೊಂಡು, ನಕ್ಕು ಹೋಗುತ್ತಿದ್ದ.

ಹೀಗೆ ಎರಡು ವರ್ಷ ಕಳೆಯಿತು. ಆಳುಗಳು ಎಲ್ಲಿಗೂ ಹೋಗಲಿಲ್ಲ, ದೋಣಿಗಳು ದಡದಲ್ಲೇ ಒಣಗಿದವು.

ಒಂದು ಬೆಳಿಗ್ಗೆ ಹಜಾರದ ಕಿಟಕಿಗೆ ಒಂದು ಕೊಕ್ಕರೆ ಬಂದು ಕುಳಿತಿತು. ಅದರ ಕಾಲು ಮಂಡಿಯವರೆಗೂ ಕರ್ರಗಿತ್ತು.

“ಆಪಿನಕೆರೆಯವಳು ಯಾರವ್ವ ಇಲ್ಲಿ?” ಎಂದಿತು ಕೊಕ್ಕರೆ. “ನಮ್ಮ ಕೆರೆಗೆ ಕರಿ ನೀರು ಬಂದು ಎರಡು ವರ್ಸ ಆಯ್ತು. ಅರ್ಧ ಜೊಂಡು ಸತ್ತೋಯ್ತು. ಅರಮನೆಯೋರು ಬತ್ತಾರೆ ಬತ್ತಾರೆ ಅಂತ ಜನ ದಾರಿ ನೋಡ್ತಾನೇ ಅವ್ರೆ.”

ಇಷ್ಟು ಹೇಳಿ ಕೊಕ್ಕರೆ ಕಿಟಕಿಯಿಂದ ಕೆಳಗೆ ಬಿದ್ದು ಸತ್ತಿತು.

ಇರುವಂತಿ ಅರಸನ ಬಳಿಗೆ ಓಡಿದಳು. ಅವನು ಪಟದಲ್ಲಿ ಮುಖ ನೋಡಿಕೊಳ್ಳುತ್ತಿದ್ದ. “ಎಲ್ಲ ಹಸಿರಾಗೇ ಇದೆಯಲ್ಲ ಮಗಳೇ,” ಎಂದು ನಕ್ಕ. ಅವಳು ಭರಮಕ್ಕನ ಬಳಿಗೆ ಓಡಿ, ಅವಳ ಕಾಲಿಗೆ ಬಿದ್ದು, ತಾನು ಮಾಡಿದ್ದನ್ನೆಲ್ಲ ಹೇಳಿದಳು.

“ಅಯ್ಯೋ ಹುಚ್ಚಿ, ಎಂಥ ಕೆಲಸ ಮಾಡಿಬಿಟ್ಟೆ!” ಎಂದಳು ಭರಮಕ್ಕ. ಬಯ್ದಳು, ಆಮೇಲೆ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು. “ಆ ಅರಗು ಒಡೆಯೋಕೆ ಒಂದೇ ದಾರಿ. ಲೋಕದಲ್ಲಿ ಅತಿ ಹೆಚ್ಚು ನೋಯ್ತಿರೋ ಮೂರು ನಾಡಿನ ಮೇಲೆ ಬರಿಗಾಲಲ್ಲಿ ನಡೆದು, ಆ ನೋವನ್ನ ಅಂಗಾಲಲ್ಲಿ ಹೊತ್ಕೊಂಡು ಬರಬೇಕು. ಅರಗು ಬೀಳೋ ಮೊದಲೇ ಹಿಮದ ನಾಡು, ಒಣಗಿದ ಕಾಡು, ತಗ್ಗಿನ ದ್ವೀಪ, ಈ ಮೂರೇ ಹೆಚ್ಚು ನೋಯ್ತಿದ್ದವು. ಆ ಕಾಲು ಇಟ್ಟರೆ ಅರಗು ತಡಿಯಲ್ಲ. ಆದರೆ ಇರುವಂತಿ, ಹಾಗೆ ನಡೆದ ಕಾಲು ಆಮೇಲೆ ಸತ್ತ ಹಾಗೇ. ಮಂಡಿಯಿಂದ ಕೆಳಗೆ ಬಿಸಿ, ತಣ್ಣಗೆ, ಒದ್ದೆ, ಒಣಗು ಏನೂ ಗೊತ್ತಾಗಲ್ಲ. ಯೋಚನೆ ಮಾಡು.”

ಇರುವಂತಿ ಯೋಚನೆ ಮಾಡಿದಳು. ಯೋಚಿಸಿದಷ್ಟೂ ಹೆದರಿಕೆಯಾಯಿತು. ಹಾಗಾಗಿ ಯೋಚಿಸುವುದನ್ನು ಬಿಟ್ಟು ಎದ್ದಳು.

ಅರಮನೆಯ ಉಗ್ರಾಣದಲ್ಲಿ ಲೋಕದ ಪ್ರತಿ ಊರಿನ ಮಣ್ಣೂ ಒಂದೊಂದು ಮಡಕೆಯಲ್ಲಿತ್ತು. ಆ ಮಣ್ಣಿನ ಮೇಲೆ ಬರಿಗಾಲಿಟ್ಟು ಊರಿನ ಹೆಸರು ಹೇಳಿದರೆ ಅಲ್ಲಿರುತ್ತಿದ್ದರು, ಚಿತ್ರಾವಳಿಯ ಹೆಸರು ಹೇಳಿದರೆ ಮರಳುತ್ತಿದ್ದರು. ತವರಿಗೆ ಹೋಗಬಾರದೆಂದು ಆಪಿನಕೆರೆಯ ಮಡಕೆಯ ಬಾಯಿಗೆ ಅರಸನ ಮುದ್ರೆ ಒತ್ತಿದ್ದರು. ಇರುವಂತಿ ಅದನ್ನು ಒಂದು ಸಲ ನೇವರಿಸಿ ಮುಂದಿನ ಮಡಕೆಗೆ ಹೋದಳು.

ಮೊದಲು ಅವಳು ಹೋಗಿದ್ದು ಹಿಮದ ನಾಡಿಗೆ. ಅಲ್ಲಿ ಮೂರಾಳೆತ್ತರದ ಬಿಳಿ ಕರಡಿಯೊಂದು, ಒಕ್ಕುವ ಕಣದಷ್ಟು ಅಗಲದ ಹಿಮದ ತುಂಡಿನ ಮೇಲೆ ಕುಳಿತು ತೇಲುತ್ತಿತ್ತು. ಸುತ್ತಲೂ ನೀರು ತೊಟ್ಟಿಕ್ಕುವ ಸದ್ದು.

“ನಿಮ್ಮ ಪಟದಲ್ಲಿ ನಾವು ಹೇಗೆ ಕಾಣ್ತೀವಿ?” ಎಂದು ಕರಡಿ ಕೇಳಿತು.

“ಬೆಳ್ಳಗೆ ಹೊಳೀತಿದ್ದೀರಿ,” ಎಂದಳು ಇರುವಂತಿ ತಲೆ ತಗ್ಗಿಸಿ. “ಅದು ಸುಳ್ಳು. ಆ ಸುಳ್ಳು ನನ್ನಿಂದಲೇ ಶುರುವಾಯ್ತು.”

ಕರಡಿ ಅವಳನ್ನು ಮೂಸಿ ನೋಡಿತು. ತಿನ್ನಬಹುದಿತ್ತು, ತಿನ್ನಲಿಲ್ಲ. “ನಿಜ ಹೇಳಿದ್ದೀಯ, ನಡೆ,” ಎಂದು ಪಕ್ಕಕ್ಕೆ ಸರಿಯಿತು. ಅವಳು ಕರಗುವ ಹಿಮದ ಮೇಲೆ ತುಂಡಿನಿಂದ ತುಂಡಿಗೆ ಹಗಲೆಲ್ಲ ನಡೆದಳು. ಕಾಲು ಮೊದಲು ಉರಿಯಿತು, ಆಮೇಲೆ ಕೊರೆಯಿತು. ಆಗ ಇದ್ದಕ್ಕಿದ್ದಂತೆ ಹಸಿ ಜೊಂಡಿನ ವಾಸನೆ ಬಂತು. ಎಡಗಡೆ ಒಂದು ಕಾಲುದಾರಿ ತೆರೆದಿತ್ತು. ಮೆರುಗಪ್ಪನ ಧ್ವನಿ ಹೇಳಿತು, “ಇರುವಂತಿ, ನಾಲ್ಕು ಹೆಜ್ಜೆ ಅಷ್ಟೆ, ತವರು ಸಿಗುತ್ತೆ. ನಿನಗ್ಯಾಕೆ ಊರ ಉಸಾಬರಿ?” ಆ ವಾಸನೆಗೆ ಅವಳ ತಲೆ ಎಡಕ್ಕೆ ತಿರುಗಿತು. ಆದರೂ ಅವಳು ನೇರವಾಗಿ ನಡೆದಳು.

ಎರಡನೆಯದು ಉರಿಯುವ ಕಾಡು. ಒಂದು ತಿಂಗಳಿಂದ ಉರಿಯುತ್ತಿತ್ತು. ಅಲ್ಲಿ ಕುದುರೆಯಷ್ಟು ದೊಡ್ಡ ಮಂಗಟ್ಟೆ ಹಕ್ಕಿಯೊಂದು ಕೊಕ್ಕಿನಲ್ಲಿ ತನ್ನ ಮೊಟ್ಟೆ ಕಚ್ಚಿಕೊಂಡು ಸುತ್ತುತ್ತಿತ್ತು. ಮೊಟ್ಟೆ ಇಡಲು ಒಂದು ಮರದ ಪೊಟರೆಯೂ ಉಳಿದಿರಲಿಲ್ಲ. ಇರುವಂತಿಯನ್ನು ಕಂಡು ಅದು ಮೊಟ್ಟೆಯನ್ನು ಅವಳ ಕೈಗೆ ಹಾಕಿ ಕೇಳಿತು.

“ನಿಮ್ಮ ಪಟದಲ್ಲಿ ನಾವು ಹೇಗೆ ಕಾಣ್ತೀವಿ?”

“ಹಸಿರಾಗಿ. ಅದು ಸುಳ್ಳು.”

“ಹಾಗಾದರೆ ಇದನ್ನ ಆ ಕಡೆಯ ಹೊಳೆ ದಾಟಿಸು. ನನ್ನ ರೆಕ್ಕೆ ಸುಟ್ಟಿದೆ, ಅಷ್ಟು ದೂರ ಹಾರೋಕೆ ಆಗಲ್ಲ.”

ಅವಳು ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆಂಡದ ಮೇಲೆ ನಡೆದಳು. ನಡುದಾರಿಯಲ್ಲಿ ಹೊಗೆಯ ಆಚೆಯಿಂದ ಅವ್ವ ಕೂಗಿದಳು. “ಇರುವಂತೀ, ಹೊತ್ತಾಯ್ತು, ಉಣ್ಣಕ್ಕೆ ಬಾರೇ!” ಹನ್ನೊಂದು ವರ್ಷದಿಂದ ಕೇಳದ ಕೂಗು ಅದು. ಅವಳು ನಿಂತಳು. ನಿಜ ಹೇಳುತ್ತೇನೆ, ತಿರುಗಿಯೂ ಬಿಟ್ಟಳು. ಆಗ ಸೆರಗಿನೊಳಗೆ ಮೊಟ್ಟೆ ಮಿಸುಕಿತು. ಅವಳು ಅಳುತ್ತಲೇ ಮತ್ತೆ ತಿರುಗಿ, ಹೊಳೆ ದಾಟಿ, ಆಚೆ ದಡದ ಒಂದು ಪೊಟರೆಯಲ್ಲಿ ಮೊಟ್ಟೆಯನ್ನು ಇಟ್ಟಳು.

ಮೂರನೆಯದು ಮುಳುಗುವ ದ್ವೀಪ. ಕಡಲು ಮನೆಗಳನ್ನೆಲ್ಲ ನುಂಗಿ, ನಡುವಿನ ದಿಬ್ಬವೊಂದನ್ನು ಬಿಟ್ಟಿತ್ತು. ಜನ ಅದರ ಮೇಲೆ ಒತ್ತೊತ್ತಾಗಿ ನಿಂತಿದ್ದರು. ಕೊರಳಿಗೆ ಹರಿದ ಬಲೆ, ಹಗ್ಗ, ಕೊಳೆಯದ ಕಸವೆಲ್ಲ ಸುತ್ತಿಕೊಂಡ ಒಂದು ಮುದಿ ಆಮೆ ದಿಬ್ಬದ ಬುಡದಲ್ಲಿ ಏದುಸಿರು ಬಿಡುತ್ತಿತ್ತು. ಅದೂ ಅದನ್ನೇ ಕೇಳಿತು, ಇವಳೂ ಅದನ್ನೇ ಹೇಳಿದಳು. ಆಮೇಲೆ ಹಲ್ಲಿನಿಂದ, ಉಗುರಿನಿಂದ ಅದರ ಕೊರಳ ಬಲೆ ಬಿಡಿಸಿ, ಉಪ್ಪುನೀರಿನಲ್ಲಿ ಚೂಪು ಹವಳದ ಮೇಲೆ ದ್ವೀಪವನ್ನು ಸುತ್ತಲು ಹೊರಟಳು. ಸುಟ್ಟ ಕಾಲಿಗೆ ಉಪ್ಪು ತಗುಲಿದರೆ ಹೇಗಿರುತ್ತದೆ ಎಂದು ನಾನು ವಿವರಿಸುವುದಿಲ್ಲ.

ಇನ್ನೇನು ಸುತ್ತು ಮುಗಿಯಬೇಕು, ಅಷ್ಟರಲ್ಲಿ ಎದುರಿಗೆ ತವರುಮನೆಯೇ ನಿಂತಿತ್ತು. ಜೊಂಡಿನ ಸೂರು, ಬಾಗಿಲಲ್ಲಿ ಅವ್ವ. ಅದೇ ಬಿಳಿ ತಲೆ, ಅದೇ ಮಾಸಿದ ಸೀರೆ. ಅವ್ವ ಎರಡೂ ಕೈ ಚಾಚಿದಳು.

“ಬಂದ್ಯಾ ಮಗಾ? ಸಾಕು ಬಾ, ಕಾಲು ನೋಯ್ತದೆ.”

ಇರುವಂತಿಗೆ ತಡೆಯಲಾಗಲಿಲ್ಲ. ಹೊಸ್ತಿಲವರೆಗೂ ಹೋದಳು. ಒಂದು ಪಾದ ಎತ್ತಿಯೂ ಆಗಿತ್ತು. ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದಳು. “ಅವ್ವಾ, ಊರು ಹೆಂಗದೆ?”

“ಚೆನ್ನಾಗದೆ ಮಗಾ. ಎಲ್ಲಾ ಚೆನ್ನಾಗದೆ.”

ಎತ್ತಿದ ಪಾದ ಅಲ್ಲೇ ನಿಂತಿತು. ಇರುವಂತಿಯ ಅವ್ವ ಹುಟ್ಟಿದಾಗಿನಿಂದ ಎಲ್ಲಾ ಚೆನ್ನಾಗಿದೆ ಎಂದವಳೇ ಅಲ್ಲ! ಮಳೆ ಬಂದರೆ ಚಾಪೆ ಒಣಗುವುದಿಲ್ಲ ಎನ್ನುತ್ತಿದ್ದಳು, ಬಿಸಿಲು ಬಂದರೆ ಜೊಂಡು ಸೀಳುತ್ತದೆ ಎನ್ನುತ್ತಿದ್ದಳು. ನೀರು ಒಂದು ಬೆರಳು ಇಳಿದರೆ ಊರಿಗೆಲ್ಲ ಕೇಳುವಂತೆ ಗೊಣಗುತ್ತಿದ್ದಳು. ಹಾಗೆ ಗೊಣಗಿ ಗೊಣಗಿಯೇ ಊರಿನವರನ್ನು ಎಬ್ಬಿಸಿ ಒಡೆದ ಏರಿ ಕಟ್ಟಿಸಿದ್ದಳು.

“ನೀನು ನಮ್ಮವ್ವ ಅಲ್ಲ,” ಎಂದಳು ಇರುವಂತಿ. ಅವ್ವನ ಮುಖ ಅರಗಿನ ಹಾಗೆ ಹೊಳೆದು ಕರಗಿಹೋಯಿತು. ಅದು ಸುಳ್ಳು ಎಂದು ಗೊತ್ತಿದ್ದರೂ, ಅದು ಕರಗಿದಾಗ ಅವಳಿಗೆ ದುಃಖ ಒತ್ತರಿಸಿ ಬಂತು. ಅಳುತ್ತಲೇ ಉಳಿದ ಸುತ್ತನ್ನು ಮುಗಿಸಿ, ಚಿತ್ರಾವಳಿಯ ಹೆಸರು ಹೇಳಿದಳು.

ನಡುಮಧ್ಯಾಹ್ನ ಅವಳು ಹಜಾರಕ್ಕೆ ಬಂದಳು. ಅರಸ ಮುಖ ನೋಡಿಕೊಳ್ಳುತ್ತಿದ್ದ, ಪಕ್ಕದಲ್ಲಿ ಮೆರುಗಪ್ಪ ನಿಂತಿದ್ದ. ಅವಳನ್ನು ಕಂಡು ಮೆರುಗಪ್ಪ ಕಿರುಚಿದ. “ಹಿಡೀರಿ ಅವಳನ್ನ! ಪಟ ಕೊಳೆಯಾಗುತ್ತೆ!”

ಕಾವಲಿನವರು ಬರುವಷ್ಟರಲ್ಲಿ ಮೂವತ್ತೊಂಬತ್ತು ಪಟಗಿತ್ತಿಯರು ಅಡ್ಡ ನಿಂತರು. ಇರುವಂತಿ ಅರಗಿನ ಮೇಲೆ ಕಾಲಿಟ್ಟಳು. ಮೊದಲ ಹೆಜ್ಜೆಗೆ ಅರಗು ಚಟಪಟ ಎಂದಿತು. ಎರಡನೆಯದಕ್ಕೆ ಬಿರುಕು ಹಜಾರದ ಉದ್ದಕ್ಕೂ ಓಡಿತು. ಮೂರನೆಯದಕ್ಕೆ ಇಡೀ ಮೆರುಗು ಚೂರುಚೂರಾಗಿ ಎದ್ದುಬಂತು. ಕೆಳಗೆ ಲೋಕ ತನ್ನ ನಿಜವಾದ ಬಣ್ಣದಲ್ಲಿ ಕಂಡಿತು. ಎಷ್ಟು ಕಡೆ ಹೊಗೆ, ಎಷ್ಟು ಕಡೆ ಒದ್ದೆ, ಎಷ್ಟು ಕಡೆ ಕಪ್ಪು! ಮೆರುಗಪ್ಪನ ಜೋಳಿಗೆಯಲ್ಲಿದ್ದ ಸೀಸೆಗಳೆಲ್ಲ ಒಡೆದವು. ನದಿಗಳ ಹರಿವು ನದಿಗಳಿಗೆ, ಕಾಡುಗಳ ನೆರಳು ಕಾಡುಗಳಿಗೆ ಹೊರಟುಹೋಯಿತು. ಅವನ ಮುನ್ನೂರು ವರ್ಷವೂ ಒಂದೇ ಸಲ ಅವನ ಮೇಲೆ ಬಿತ್ತು. ಅಲ್ಲಿ ಉಳಿದದ್ದು ಒಂದು ಹಿಡಿ ಹುಡಿ, ಅದನ್ನು ಭರಮಕ್ಕ ಗುಡಿಸಿ ಹಾಕಿದಳು.

ಅರಸನಿಗೆ ಕನಸಿನಿಂದ ಎದ್ದಂತಾಯಿತು. ಅವನು ಪಟ ನೋಡಿ ಮಕ್ಕಳ ಹಾಗೆ ಅತ್ತ.

ಆದರೆ ಅರಗೆಲ್ಲ ಹೋದರೂ ಒಂದು ಕಡೆ ಹಸಿರು ಹೋಗಲಿಲ್ಲ. ಅದು ಅರಗಾಗಿರಲಿಲ್ಲ, ಇರುವಂತಿಯೇ ಬಳಿದ ಬಣ್ಣವಾಗಿತ್ತು. ಅವಳು ಎಲ್ಲರೆದುರು ಮಂಡಿಯೂರಿ, ಉಗುರಿನಿಂದ ಅದನ್ನು ಕೆರೆದಳು. ಸಾಸಿವೆಯಷ್ಟಿದ್ದ ಕಪ್ಪು ಈಗ ಅರ್ಧ ಎಲೆಯಷ್ಟಾಗಿತ್ತು.

“ಮಹಾಪ್ರಭುಗಳೇ, ಇದನ್ನ ನಾನು ಎರಡು ವರ್ಷದ ಹಿಂದೆ ನೋಡಿದೆ. ನೋಡಿ ಮುಚ್ಚಿದೆ. ಕೆರೆದುಬಿಡ್ತೀರಿ ಅನ್ನೋ ಹೆದರಿಕೆ. ಏನು ಶಿಕ್ಷೆ ಬೇಕಾದರೂ ಕೊಡಿ.”

“ಎರಡು ವರ್ಷ ಮುಖ ನೋಡ್ಕೊಂಡು ನಿಂತವನು ನಾನು, ನಿನಗೇನು ಶಿಕ್ಷೆ ಕೊಡಲಿ?” ಎಂದ ಅರಸ. “ಸಾಸಿವೆಯಷ್ಟು ಕಪ್ಪನ್ನ ನಲವತ್ತು ಜನದಲ್ಲಿ ನೀನೊಬ್ಬಳೇ ಕಂಡೆ. ಯಾಕೆ? ದಿನವೂ ಆಸೆಯಿಂದ ನೋಡ್ತಿದ್ದೆ, ಅದಕ್ಕೆ. ನಮ್ಮ ಕಟ್ಟಳೆಯೇ ತಪ್ಪು ಮಗಳೇ.”

ಅವತ್ತೇ ಕಟ್ಟಳೆ ಬದಲಾಯಿತು. ಇನ್ನು ಮೇಲೆ ಪ್ರತಿ ಪಟಗಿತ್ತಿಯೂ ತನ್ನ ತವರನ್ನು ತಾನೇ ಕಾಯಬೇಕು, ಪಕ್ಕದಲ್ಲಿ ಇನ್ನೊಬ್ಬಳು ನಿಂತು ನೋಡಬೇಕು, ವರ್ಷಕ್ಕೊಂದು ಸಲ ಎಲ್ಲರೂ ತವರಿಗೆ ಹೋಗಿಬರಬೇಕು. ಅವತ್ತೇ ದೋಣಿಗಳು ನೀರಿಗಿಳಿದವು. ದ್ವೀಪದ ಜನರನ್ನು ಎತ್ತರದ ನೆಲಕ್ಕೆ ತಂದರು, ಕಾಡಿನ ಬೆಂಕಿ ಆರಿಸಿದರು, ಹಿಮದ ನಾಡಿಗೆ ಅದರ ಚಳಿ ಮರಳುವಂತೆ ಮಾಡಿದರು. ಆಪಿನಕೆರೆಗೆ ಕರಿ ನೀರು ಹರಿಯುತ್ತಿದ್ದ ಕಾಲುವೆಯನ್ನು ಹುಡುಕಿ ಮುಚ್ಚಿದರು. ಕೆರೆ ತಿಳಿಯಾಗಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಇರುವಂತಿ, ಕೆರೆ ತಿಳಿಯಾಗದೆ ತವರಿಗೆ ಹೋಗುವುದಿಲ್ಲ ಎಂದು ಹಠ ಹಿಡಿದು ಅರಮನೆಯಲ್ಲೇ ಉಳಿದು, ನೆಲವೇ ತಿಳಿಯದ ಕಾಲಿನಲ್ಲಿ ಕೋಲೂರಿಕೊಂಡು ಹೊಸ ಹುಡುಗಿಯರಿಗೆ ಕೆಲಸ ಕಲಿಸಿದಳು. ಹದಿನಾಲ್ಕು ವರ್ಷ ಪೂರ್ತಿಯಾದ ದಿನ ಅರಸನೇ ಮಡಕೆಯ ಮುದ್ರೆ ಒಡೆದುಕೊಟ್ಟ.

ಹಾಗೆ ಅವಳು ತವರಿಗೆ ಬಂದಳು. ಊರಿಗೆ ಊರೇ ಎದುರು ಬಂತು. ಅವ್ವ ಅವಳ ಮುಖ ಸವರಿದಳು, ಅತ್ತಳು, ನಕ್ಕಳು, ಆಮೇಲೆ ಕೈ ಹಿಡಿದು ಜೊಂಡಿನೊಳಗೆ ಕರೆದುಕೊಂಡು ಹೋದಳು. ಜೊಂಡು ಮತ್ತೆ ಆಳೆತ್ತರ ಬೆಳೆದಿತ್ತು. ಬುಡ ಕಾಣದಷ್ಟು ದಟ್ಟವಾಗಿತ್ತು. ಸಾವಿರ ಕೊಕ್ಕರೆಗಳ ಗದ್ದಲದಲ್ಲಿ ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ಇರುವಂತಿ ಅವ್ವನ ಕೈ ಬಿಡದೆ, ಕೋಲೂರಿಕೊಂಡು ನಡೆದಳು, ನಡೆದಳು.

“ಅವ್ವಾ, ನೀರು ಇನ್ನೂ ಎಷ್ಟು ದೂರ?”

ಅವ್ವ ನಿಂತಳು. ಮಗಳ ಮುಖ ನೋಡಿದಳು.

“ನೀರಿನಾಗೇ ನಿಂತಿದ್ದೀಯಲ್ಲೇ, ಮಗಾ.”

ಇರುವಂತಿ ಕೋಲು ಬಿಟ್ಟಳು. ಜೊಂಡು ಸರಿಸಿ, ಬಗ್ಗಿ, ಎರಡೂ ಕೈಗಳನ್ನು ಮೊಣಕೈವರೆಗೂ ಕೆಳಗೆ ಇಳಿಸಿದಳು. ನೀರು ತಣ್ಣಗಿತ್ತು.